ಪಟ್ಟಿಯಲ್ಲಿ ಎಷ್ಟು, ಆಕಾಶದಲ್ಲಿ ಎಷ್ಟು: ವಾಯುಬಲದ ಲೆಕ್ಕ

ಪ್ರಶ್ನೆ: ಭಾರತದ ಬಳಿ ಸುಮಾರು 2,200 ವಿಮಾನ, ಪಾಕಿಸ್ತಾನದ ಬಳಿ ಸುಮಾರು 1,400 ಎಂಬ ಪಟ್ಟಿ ಎಲ್ಲೆಡೆ ಓಡಾಡುತ್ತಿದೆ. ಹಾಗಿದ್ದೂ ನಮ್ಮ ವಾಯುಪಡೆಗೆ ವಿಮಾನ ಸಾಲದು ಎನ್ನುತ್ತಾರಲ್ಲ, ಯಾಕೆ?

ಉತ್ತರ: ಆ ಪಟ್ಟಿ ಹಾರುವುದನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದೆ. ಭೂಸೇನೆಯ ಹೆಲಿಕಾಪ್ಟರ್, ನೌಕಾಪಡೆಯ ಗಸ್ತು ವಿಮಾನ, ಸಾಮಾನು ಹೊರುವ ಎಎನ್-32, ಹೊಸಬರು ಹಾರಾಟ ಕಲಿಯುವ ಪಿಲಾಟಸ್ ಎಲ್ಲವೂ ಅದರಲ್ಲಿವೆ. ಇವನ್ನೆಲ್ಲ ಕಳೆದು ಯುದ್ಧವಿಮಾನಗಳನ್ನಷ್ಟೇ ಉಳಿಸಿಕೊಳ್ಳಿ, ಅವನ್ನೂ ಸ್ಕ್ವಾಡ್ರನ್ ಲೆಕ್ಕದಲ್ಲಿ ನೋಡಿ. ಒಂದು ಸ್ಕ್ವಾಡ್ರನ್ ಎಂದರೆ 16ರಿಂದ 18 ಯುದ್ಧವಿಮಾನ, ಜೊತೆಗೆ ಎರಡಾಸನದ ತರಬೇತಿ ವಿಮಾನ ಒಂದೆರಡು.

ಪಾಕಿಸ್ತಾನ ಮತ್ತು ಚೀನಾದ ಗಡಿಗಳೆರಡನ್ನೂ ಗಮನದಲ್ಲಿಟ್ಟು ನಮಗೆ ಮಂಜೂರಾಗಿರುವುದು 42 ಸ್ಕ್ವಾಡ್ರನ್. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಕೊನೆಯ ಮಿಗ್-21ಗಳನ್ನು ಬೀಳ್ಕೊಟ್ಟ ಮೇಲೆ ಉಳಿದದ್ದು 29. ತಲಾ 18ರಂತೆ ಹಿಡಿದರೂ 522 ವಿಮಾನ. ಪಾಕಿಸ್ತಾನದ ಬಳಿ 400ರ ಆಸುಪಾಸು ಇವೆ. ಪಟ್ಟಿಯಲ್ಲಿ ಕಂಡ 800ರ ಅಂತರ ಇಲ್ಲಿ ನೂರಿಪ್ಪತ್ತಕ್ಕೆ ಇಳಿಯಿತು. ಅದರ ಮೇಲೆ, ಪಾಕಿಸ್ತಾನ ತನ್ನ ಬಹುಪಾಲು ಬಲವನ್ನು ನಮ್ಮ ಗಡಿಯೊಂದಕ್ಕೇ ನಿಲ್ಲಿಸಬಲ್ಲದು. ನಾವು ಎರಡು ಗಡಿಗೆ ಹಂಚಬೇಕು.

ಪ್ರಶ್ನೆ: ಸ್ಕ್ವಾಡ್ರನ್‌ನಲ್ಲಿ 18 ವಿಮಾನ ಇದ್ದರೆ ಯುದ್ಧದ ದಿನ ಹದಿನೆಂಟೂ ಹಾರುತ್ತವೆಯೇ?

ಉತ್ತರ: ಇಲ್ಲ. ಎರಡು ದೇಶಗಳ ಬಲವನ್ನು ಅಳೆಯುವವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ನೂರಕ್ಕೆ 60 ವಿಮಾನ ಹಾರಾಟಕ್ಕೆ ಸಿದ್ಧವಿವೆ ಎಂದುಕೊಳ್ಳೋಣ. 18ರಲ್ಲಿ ಸಿಗುವುದು ಸುಮಾರು 11. ಉಳಿದ ಏಳರಲ್ಲಿ ಒಂದೆರಡು ಓವರ್‌ಹಾಲ್‌ಗೆ (ಪೂರ್ತಿ ಬಿಚ್ಚಿ ಮಾಡುವ ದೊಡ್ಡ ದುರಸ್ತಿಗೆ) ಹೋಗಿರುತ್ತವೆ, ಕೆಲವು ನಿಗದಿತ ತಪಾಸಣೆಗಾಗಿ ಹ್ಯಾಂಗರ್‌ನಲ್ಲಿ ಬಿಚ್ಚಿ ನಿಂತಿರುತ್ತವೆ, ಕೆಲವು ಬಿಡಿಭಾಗಕ್ಕೆ ಕಾದಿರುತ್ತವೆ. ಬಿಡಿಭಾಗ ತಡವಾದರೆ ನಿಂತ ವಿಮಾನದಿಂದ ಕಿತ್ತು ಹಾರುವ ವಿಮಾನಕ್ಕೆ ಹಾಕುತ್ತಾರೆ. ಆ ಹೊತ್ತಿಗೆ ಕೆಲಸ ನಡೆಯುತ್ತದೆ, ಆದರೆ ಕಿತ್ತುಕೊಟ್ಟ ವಿಮಾನ ತಿಂಗಳುಗಟ್ಟಲೆ ಏಳುವುದಿಲ್ಲ.

ಈ 11 ವಿಮಾನ ಮೊದಲ ದಿನ ತಲಾ ಮೂರು ಸಲ ಹಾರಿದರೆ 33 ಹಾರಾಟ. ಇಳಿದ ಪ್ರತಿ ಸಲವೂ ಇಂಧನ, ಆಮ್ಲಜನಕ, ಕ್ಷಿಪಣಿ ತುಂಬಬೇಕು, ಟೈರು ನೋಡಬೇಕು, ಎಂಜಿನ್ನಿನ ಬ್ಲೇಡುಗಳಿಗೆ ಪೆಟ್ಟು ಬಿದ್ದಿದೆಯೇ ಎಂದು ಪರೀಕ್ಷಿಸಬೇಕು. ಒಂದರಲ್ಲಿ ಹೈಡ್ರಾಲಿಕ್ ಎಣ್ಣೆ ಸೋರಿ, ಇನ್ನೊಂದರಲ್ಲಿ ರಾಡಾರ್ ಕೈಕೊಟ್ಟು, ನಾಲ್ಕನೆಯ ದಿನದ ಹೊತ್ತಿಗೆ 11 ಇದ್ದದ್ದು 8 ಆಗುವುದು ಸಹಜ. ಗೋದಾಮಿನಲ್ಲಿ ಬಿಡಿಭಾಗ ತುಂಬಿಟ್ಟುಕೊಂಡವರು ಒಂಬತ್ತು ಹತ್ತರಲ್ಲಿ ನಿಲ್ಲಿಸಿಕೊಳ್ಳುತ್ತಾರೆ.

ಪೈಲಟ್‌ಗಳ ಲೆಕ್ಕವೂ ಇದಕ್ಕೆ ಅಂಟಿಕೊಂಡಿದೆ. ಒಬ್ಬ ಪೈಲಟ್ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೋರಾಟದ ಹಾರಾಟ ಮಾಡಿದರೆ ತೀರ್ಮಾನಶಕ್ತಿ ಮಂಕಾಗುತ್ತದೆ. 33 ಹಾರಾಟಕ್ಕೆ ಒಂಟಿಯಾಸನದ ವಿಮಾನದಲ್ಲೂ 17 ಪೈಲಟ್‌ಗಳು ಬೇಕು. ಎರಡಾಸನದ ಸುಖೋಯ್-30 ಆದರೆ ಹಾರುವವರು ಅದರ ದುಪ್ಪಟ್ಟು.

ಇನ್ನು ಎಂಜಿನ್. ನಮ್ಮ ಬಲದ ಬೆನ್ನೆಲುಬಾದ ಸುಮಾರು 260 ಸುಖೋಯ್‌ಗಳಿಗೆ ತಲಾ ಎರಡು ಎಂಜಿನ್. ಇಡೀ ಪಡೆಗೆ 520 ಬೇಕು, ಅವುಗಳ ಆಯುಷ್ಯ ಮುಗಿದಂತೆ ಬದಲಿ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಎಚ್‌ಎಎಲ್‌ನಿಂದ 240 ಎಂಜಿನ್‌ಗೆ 26,000 ಕೋಟಿ ರೂಪಾಯಿಗೂ ಮೀರಿದ ಒಪ್ಪಂದವಾದದ್ದು ಇದಕ್ಕಾಗಿಯೇ. ಕೋರಾಪುಟ್‌ನಲ್ಲಿ ತಯಾರಾಗುವ ಈ ಎಂಜಿನ್‌ಗಳ ಸುದ್ದಿ ಮುಖಪುಟಕ್ಕೆ ಬರುವುದು ಕಡಿಮೆ. ನನ್ನ ಮಟ್ಟಿಗೆ ಒಂದು ಹೊಸ ಸ್ಕ್ವಾಡ್ರನ್ ಸೇರಿದ ಸುದ್ದಿಯಷ್ಟೇ ತೂಕ ಅದಕ್ಕಿದೆ.

ವಿಮಾನದ ಬಗೆ ಹೆಚ್ಚಾದಷ್ಟೂ ಗೋದಾಮೂ ಹೆಚ್ಚಬೇಕು. ಸುಖೋಯ್, ರಫೇಲ್, ಮಿರಾಜ್-2000, ಮಿಗ್-29, ಜಾಗ್ವಾರ್, ತೇಜಸ್ ಹೀಗೆ ನಮ್ಮಲ್ಲಿ ಆರು ಬಗೆ. ಜಾಗ್ವಾರ್ ಅನ್ನು ಈಗ ನಮ್ಮ ಹೊರತು ಬೇರೆ ಯಾರೂ ಹಾರಿಸುವುದಿಲ್ಲ, ಹಾಗಾಗಿ ಭಾಗ ಹುಡುಕುವುದೇ ಕಷ್ಟ. ಪಾಕಿಸ್ತಾನಕ್ಕೂ ಈ ತಲೆನೋವು ತಪ್ಪಿಲ್ಲ. ಎಫ್-16ರ ಭಾಗಗಳಿಗೆ ಅಮೆರಿಕದ ಒಪ್ಪಿಗೆ ಬೇಕು. ಚೀನಾದ ಜೊತೆ ಸೇರಿ ಕಟ್ಟುವ ಜೆಎಫ್-17ರೊಳಗೆ ಇರುವುದು ರಷ್ಯಾದ ಎಂಜಿನ್. 1960ರ ದಶಕದ ಕೊನೆಯಿಂದ ತರಿಸಿಕೊಂಡ ಮಿರಾಜ್‌ಗಳನ್ನು ಕಾಮ್ರಾದ ವಿಮಾನ ಕಾರ್ಯಾಗಾರದಲ್ಲಿ ಮತ್ತೆ ಮತ್ತೆ ಬಿಚ್ಚಿ ಕಟ್ಟಿ ಹಾರಿಸುತ್ತಿದ್ದಾರೆ. ಆ ಕಾರ್ಯಾಗಾರದ ಶ್ರಮವನ್ನು ಹಗುರವಾಗಿ ಕಾಣಬಾರದು.

ಪ್ರಶ್ನೆ: ಕ್ಷಿಪಣಿಯ ದೂರ 145 ಕಿ.ಮೀ. ಎಂದರೆ 145 ಕಿ.ಮೀ. ದೂರದ ವಿಮಾನ ಬಿದ್ದಂತೆಯೇ?

ಉತ್ತರ: ಚೀನಾ ಮಾರುವ ಪಿಎಲ್-15ಇ ಬಗ್ಗೆ ಕೇಳುತ್ತಿದ್ದೀರಿ. ಆ ಅಂಕಿ ಅತ್ಯಂತ ಅನುಕೂಲದ ಸ್ಥಿತಿಯದು. ಉಡಾಯಿಸುವ ವಿಮಾನ ಎತ್ತರದಲ್ಲಿ ವೇಗವಾಗಿರಬೇಕು, ಎದುರಾಳಿ ನೇರ ಆ ವಿಮಾನದತ್ತಲೇ ಬರುತ್ತಿರಬೇಕು. ಅವನು ತಿರುಗಿ ಓಟ ಕಿತ್ತರೆ ಅದೇ ಕ್ಷಿಪಣಿ ಎಟುಕುವ ದೂರ ಅರ್ಧಕ್ಕೂ ಕೆಳಗಿಳಿಯುತ್ತದೆ. ಕಾರಣ ಸರಳ: ರಾಕೆಟ್ ಉರಿಯುವುದು ಕೆಲವೇ ಸೆಕೆಂಡು, ಆಮೇಲೆ ಅದು ಎಸೆದ ಕಲ್ಲಿನಂತೆ ವೇಗ ಕಳೆದುಕೊಳ್ಳುತ್ತಲೇ ಸಾಗುತ್ತದೆ. ಗಾಳಿ ದಟ್ಟವಾದ ಕೆಳಮಟ್ಟದಲ್ಲಿ ಇನ್ನೂ ಬೇಗ. ರಫೇಲ್ ಹೊರುವ ಮೀಟಿಯಾರ್ ಕ್ಷಿಪಣಿಯ ವಿಶೇಷ ಇಲ್ಲೇ ಇದೆ. ಅದರ ರ‍್ಯಾಮ್‌ಜೆಟ್ ಹೊರಗಿನ ಗಾಳಿಯನ್ನೇ ಬಳಸಿ ಕೊನೆಯ ಹಂತದಲ್ಲೂ ತಳ್ಳುತ್ತಿರುತ್ತದೆ, ಆದ್ದರಿಂದ ತಪ್ಪಿಸಿಕೊಳ್ಳಲಾಗದ ವಲಯ ದೊಡ್ಡದು.

ಆದರೆ ದೂರದ ಕ್ಷಿಪಣಿಗೆ ದೂರದ ಕಣ್ಣು ಬೇಕು. ಹಿಂದೆ ಉಳಿದು ನೋಡುವ ಮುನ್ನೆಚ್ಚರಿಕೆ ವಿಮಾನ ಗುರಿಯ ವಿವರವನ್ನು ಡೇಟಾಲಿಂಕ್ (ವಿಮಾನಗಳ ನಡುವಿನ ರೇಡಿಯೊ ಸಂಪರ್ಕ) ಮೂಲಕ ಕಳಿಸಿದರೆ ಮುಂದಿರುವ ಯುದ್ಧವಿಮಾನ ತನ್ನ ರಾಡಾರ್ ಹಚ್ಚದೆಯೇ ಕ್ಷಿಪಣಿ ಬಿಡಬಹುದು. ಇಂಥ ಒಂದು ವಿಮಾನವನ್ನು 24 ಗಂಟೆ ಮೇಲಿಡಲು ಕನಿಷ್ಠ ಮೂರು ಬೇಕು: ಒಂದು ಕಾವಲಿಗೆ, ಒಂದು ಹೋಗಿಬರುವ ದಾರಿಯಲ್ಲಿ, ಒಂದು ದುರಸ್ತಿಯಲ್ಲಿ. ದೊಡ್ಡ ಫಾಲ್ಕನ್ ರಾಡಾರ್ ವಿಮಾನ ನಮ್ಮಲ್ಲಿರುವುದೇ ಮೂರು. ಬೆಂಗಳೂರಿನಲ್ಲಿ ರೂಪುಗೊಂಡ ಚಿಕ್ಕ ರಾಡಾರ್ ವಿಮಾನ ನೇತ್ರ ಬೆರಳೆಣಿಕೆಯಷ್ಟು. ಸ್ವೀಡನ್ನಿನ ಸಾಬ್-2000 ಕೊಂಡಿರುವ ಪಾಕಿಸ್ತಾನ ಈ ಸಂಖ್ಯೆಯಲ್ಲಿ ನಮಗಿಂತ ಮುಂದಿದೆ. ಇದು ನಿಜವಾಗಿ ಕಳವಳಪಡಬೇಕಾದ ಕೊರತೆ. 2025ರ ಮೇ ತಿಂಗಳ ಕಾಳಗದಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಗಡಿಯೊಳಗಿಂದಲೇ ಕ್ಷಿಪಣಿ ಬಿಟ್ಟುಕೊಂಡದ್ದನ್ನು ನೆನೆದರೆ ಅದರ ತೂಕ ಗೊತ್ತಾಗುತ್ತದೆ.

ಪ್ರಶ್ನೆ: ಚೀನಾದ ವಾಯುಪಡೆ ನಮ್ಮದಕ್ಕಿಂತ ಬಹಳ ದೊಡ್ಡದು. ಟಿಬೆಟ್ ಗಡಿಯಲ್ಲಿ ನಾವು ನಿಲ್ಲಲು ಸಾಧ್ಯವೇ?

ಉತ್ತರ: ಭೂಗೋಳ ನಮ್ಮ ಕೈಹಿಡಿದಿದೆ. ಲ್ಹಾಸಾದ ಗೊಂಗ್ಗರ್ ನೆಲೆ ಇರುವುದು ಸುಮಾರು 3,570 ಮೀಟರ್ ಎತ್ತರದಲ್ಲಿ, ನ್ಗಾರಿ ಗುನ್ಸಾ 4,274 ಮೀಟರ್. 4,000 ಮೀಟರ್‌ನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ರೆಕ್ಕೆಗೆ ಅಷ್ಟೇ ಎತ್ತುಬಲ ಬೇಕೆಂದರೆ ವೇಗ ಶೇ 22ರಷ್ಟು ಹೆಚ್ಚಬೇಕು. ಎಂಜಿನ್ನಿನ ನೂಕುಬಲವೋ ಸುಮಾರು ಮೂರನೇ ಒಂದು ಪಾಲು ಕುಸಿದಿರುತ್ತದೆ. ಎರಡೂ ಸೇರಿದರೆ ಅದೇ ತೂಕಕ್ಕೆ ರನ್‌ವೇ ದುಪ್ಪಟ್ಟಿಗಿಂತ ಉದ್ದ ಬೇಕಾಗುತ್ತದೆ. ಆದ್ದರಿಂದ ಅಲ್ಲಿಂದ ಏಳುವ ವಿಮಾನ ಇಂಧನವನ್ನೋ ಬಾಂಬನ್ನೋ ಕಡಿಮೆ ಮಾಡಿಕೊಳ್ಳಲೇಬೇಕು. ಹಾಸಿಮಾರ, ತೇಜ್‌ಪುರ, ಅಂಬಾಲದಂಥ ಬಯಲಿನ ನೆಲೆಗಳಿಂದ ನಮ್ಮವು ಪೂರ್ತಿ ಹೊರೆ ಹೊತ್ತು ಏಳುತ್ತವೆ. ಲೇಹ್ ಮಾತ್ರ ಇದಕ್ಕೆ ಹೊರತು, ಅಲ್ಲಿ ನಮಗೂ ಇದೇ ಕಷ್ಟ. ಚೀನಾ ಸುಮ್ಮನೆ ಕುಳಿತಿಲ್ಲ. ಉದ್ದದ ರನ್‌ವೇ, ಗಟ್ಟಿ ಆಶ್ರಯಗಳು, ಆಕಾಶದಲ್ಲೇ ಇಂಧನ ತುಂಬುವ ವೈವೈ-20 ವಿಮಾನಗಳಿಂದ ಆ ಅಂತರವನ್ನು ವರ್ಷದಿಂದ ವರ್ಷಕ್ಕೆ ಕಿರಿದಾಗಿಸುತ್ತಿದೆ.

ಪ್ರಶ್ನೆ: ನೆಲದಿಂದ ವಿಮಾನ ಹೊಡೆಯುವ ಎಸ್-400 ಕ್ಷಿಪಣಿ ವ್ಯವಸ್ಥೆ ಇರುವಾಗ ವಿಮಾನ ಕಡಿಮೆಯಾದರೇನು?

ಉತ್ತರ: ಅದು ಎಟುಕುವ ದೂರ 400 ಕಿ.ಮೀ. ಎಂಬುದು ಎತ್ತರದಲ್ಲಿ ಹಾರುವ ಗುರಿಗೆ. ಭೂಮಿ ದುಂಡಗಿದೆ. 20 ಮೀಟರ್ ಎತ್ತರದ ರಾಡಾರ್‌ಗೆ ಬಯಲಲ್ಲಿ 100 ಮೀಟರ್ ಎತ್ತರದಲ್ಲಿ ಬರುವ ವಿಮಾನ ಕಾಣುವುದು ಸುಮಾರು 60 ಕಿ.ಮೀ. ಒಳಗೆ ಬಂದ ಮೇಲೆ. ಶತ್ರುವಿನ ದೊಡ್ಡ ವಿಮಾನಗಳನ್ನು ಹಿಂದಕ್ಕೆ ಅಟ್ಟುವುದರಲ್ಲಿ ಎಸ್-400ಕ್ಕೆ ಸಾಟಿಯಿಲ್ಲ. ಆದರೆ ದಾಳಿಗೆ ಹೋಗಲು ವಿಮಾನವೇ ಬೇಕು.

ಪ್ರಶ್ನೆ: 42 ಸ್ಕ್ವಾಡ್ರನ್ ಯಾವಾಗ ಆಗುತ್ತದೆ?

ಉತ್ತರ: ತೇಜಸ್ ಮಾರ್ಕ್-1ಎ 2021ರಲ್ಲಿ 83, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ 97, ಒಟ್ಟು 180ಕ್ಕೆ ಒಪ್ಪಂದವಾಗಿದೆ. ಅಂದರೆ ಹತ್ತು ಸ್ಕ್ವಾಡ್ರನ್. ಬೆಂಗಳೂರು ಮತ್ತು ನಾಸಿಕ್‌ನ ಸಾಲುಗಳಿಂದ ವರ್ಷಕ್ಕೆ 24 ಹೊರಬಂದರೂ ಏಳೂವರೆ ವರ್ಷ. ಅಷ್ಟರಲ್ಲಿ ಜಾಗ್ವಾರ್‌ನ ಆರು, ಮಿರಾಜ್‌ನ ಮೂರು, ಮಿಗ್-29ರ ಮೂರು ಸ್ಕ್ವಾಡ್ರನ್‌ಗಳಿಗೆ ವಯಸ್ಸು ಮೀರುತ್ತಾ ಬರುತ್ತದೆ. ಬರುವುದು ಹತ್ತು, ಹೋಗುವ ಸಾಲಿನಲ್ಲಿ ಹನ್ನೆರಡು. ಹಾಗಾಗಿ ಇವಿಷ್ಟರಿಂದ 42 ತುಂಬುವುದಿಲ್ಲ. ತೇಜಸ್ ಬಗ್ಗೆ ಸುದ್ದಿ ಓದುವಾಗ ಅಮೆರಿಕದಿಂದ ಬರುವ ಎಫ್-404 ಎಂಜಿನ್ ಆ ತಿಂಗಳು ಎಷ್ಟು ತಲುಪಿದವು ಎಂಬ ಸಾಲನ್ನು ಮೊದಲು ಹುಡುಕಿ. ಒಪ್ಪಿಸುವ ಕೆಲಸ ತಡವಾದದ್ದು ಮುಖ್ಯವಾಗಿ ಅಲ್ಲೇ.