ಆರು ಗಂಟೆಯ ತಪ್ಪು: ಕುದುರೆ ಕಳೆದುಕೊಂಡವರೊಬ್ಬರ ಆಪ್ತಸಲಹೆ

ಸಾಕಿದ ಪ್ರಾಣಿ ದಿಢೀರನೆ ಸತ್ತಾಗ ಬರುವವರು ದುಃಖದ ಜೊತೆಗೆ ಒಂದು ಆರೋಪವನ್ನೂ ಹೊತ್ತು ಬರುತ್ತಾರೆ: ‘ನನ್ನಿಂದಲೇ ಹೋಯಿತು’. ಮನೆಯವರು, ನೆಂಟರು, ಕೆಲವೊಮ್ಮೆ ಆಪ್ತಸಲಹೆಗಾರರೂ ‘ಇಲ್ಲ, ನಿಮ್ಮ ತಪ್ಪೇನೂ ಇಲ್ಲ’ ಎಂದುಬಿಡುತ್ತಾರೆ. ಆ ಮಾತು ನಾಟುವುದಿಲ್ಲ. ಏಕೆ ಎಂಬುದನ್ನು ಈ ಪ್ರಕರಣ ಚೆನ್ನಾಗಿ ತೋರಿಸುತ್ತದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹಳೇ ಮೈಸೂರು ಸೀಮೆಯ ಒಂದು ಊರಿನಲ್ಲಿ ಟಾಂಗಾ ಓಡಿಸುವವರು. ವಯಸ್ಸು ನಲವತ್ತರ ಆಸುಪಾಸು. ಹೆಂಡತಿ, ಚಿಕ್ಕ ಮಗಳು, ಒಂದೇ ಒಂದು ಹೆಣ್ಣು ಕುದುರೆ. ರಾಣಿ ಎನ್ನೋಣ. ರಾತ್ರಿ ಹೊಟ್ಟೆ ಶೂಲೆ ಶುರುವಾಗಿ ಬೆಳಿಗ್ಗೆ ಎಂಟರ ಹೊತ್ತಿಗೆ ರಾಣಿ ಇರಲಿಲ್ಲ. ಅವರನ್ನು ಕರೆತಂದದ್ದು ಹೆಂಡತಿ. ಊಟ ಸೇರುತ್ತಿರಲಿಲ್ಲ, ನಾಲ್ಕು ಗಂಟೆಗೇ ಎದ್ದು ಖಾಲಿ ಲಾಯದಲ್ಲಿ ಹೋಗಿ ಕೂರುತ್ತಿದ್ದರು. ‘ಮನುಷ್ಯರು ಹೋದ್ರೂ ಇಷ್ಟು ದಿನ ಹಿಂಗಿರಲ್ಲ ಮೇಡಂ’ ಎಂದರು ಆಕೆ. ಮನುಷ್ಯರು ಹೋದರೆ ಮೂರನೇ ದಿನ, ಹನ್ನೊಂದನೇ ದಿನ ಎಂದು ಜನ ಬರುತ್ತಾರೆ, ಕೂತು ಮಾತಾಡುತ್ತಾರೆ. ಕುದುರೆ ಹೋದರೆ ಗುಂಡಿ ಮುಚ್ಚಿದ ಸಂಜೆಯೇ ‘ಇನ್ನೊಂದು ತಂದರಾಯಿತು ಬಿಡು’ ಎನ್ನುತ್ತಾರೆ. ದಿನವೂ ಮೈ ಉಜ್ಜಿ, ಮೇವು ಹಾಕಿ, ಜೊತೆಗೇ ದುಡಿದ ಜೀವಕ್ಕೆ ಅಳಲು ಇವರಿಗೆ ಯಾರೂ ಜಾಗ ಕೊಟ್ಟಿರಲಿಲ್ಲ.

ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದೆ. ಇಲ್ಲ ಎಂದರು. ಆಮೇಲೆ ನಿಜವಾದ ಹೊರೆ ಹೊರಬಿತ್ತು. ರಾತ್ರಿ ಹನ್ನೊಂದಕ್ಕೆ ರಾಣಿ ಮೇವು ಮುಟ್ಟದೆ ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ನಡೆಸಿದರು, ಶಾಂತವಾಯಿತು, ಮಲಗಿದರು. ಐದಕ್ಕೆ ಎದ್ದು ನೋಡಿದರೆ ಮೈಯೆಲ್ಲ ಬೆವರು, ನೆಲಕ್ಕೆ ಬಿದ್ದು ಹೊರಳಾಟ. ‘ನಾ ಮಲಗ್ದೆ, ಅದು ಹೊರಳಾಡ್ತು. ಹೊರಳಾಡಿ ಕರುಳು ತಿರುಚ್ಕಂತು.’ ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳಿದ್ದೂ ಅದನ್ನೇ.

ಇದಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಅವರ ಒಪ್ಪಿಗೆ ಪಡೆದು, ರಾಣಿಯನ್ನು ನೋಡಿದ್ದ ಪಶುವೈದ್ಯರನ್ನೇ ಒಂದು ಭೇಟಿಗೆ ಕರೆದೆ. ಬರೆದಿಟ್ಟ ಚೀಟಿಯನ್ನೂ ತನ್ನಿ ಎಂದೆ.

ವೈದ್ಯರು ಗಂಟೆಗಂಟೆಯ ಲೆಕ್ಕದಲ್ಲಿ ಓದಿದರು. ಆರು ಗಂಟೆಗೆ ತಲುಪಿದಾಗ ನಾಡಿ ನಿಮಿಷಕ್ಕೆ 92; ಸುಮ್ಮನೆ ನಿಂತ ಕುದುರೆಗೆ ಇರಬೇಕಾದ್ದು 28ರಿಂದ 44. ಒಸಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮರಳಬೇಕಾದ ಬಣ್ಣ ನಾಲ್ಕಾದರೂ ಬಂದಿರಲಿಲ್ಲ. ಹೊಟ್ಟೆಯ ಎರಡೂ ಬದಿಯಲ್ಲಿ ಕರುಳಿನ ಸದ್ದಿಲ್ಲ. ಸತ್ತ ಮೇಲೆ ಹೊಟ್ಟೆ ತೆರೆದಾಗ ದೊಡ್ಡಕರುಳು ಪೂರ್ತಿ ಒಂದು ಸುತ್ತು ತಿರುಚಿ ಕಪ್ಪಾಗಿತ್ತು.

‘ಕುದುರೆಯ ದೊಡ್ಡಕರುಳಿಗೆ ಹೊಟ್ಟೆಯೊಳಗೆ ಗಟ್ಟಿ ಹಿಡಿತ ಇರಲ್ಲ. ಗಾಳಿ ತುಂಬಿದ್ರೆ ಜಾಗ ಬಿಟ್ಟು ಸರಿಯುತ್ತೆ, ಒಮ್ಮೊಮ್ಮೆ ತಿರುಚಿಕೊಳ್ಳುತ್ತೆ. ಆಗ ರಕ್ತ ಓಡಾಟ ನಿಲ್ಲುತ್ತೆ, ಸಹಿಸಕ್ಕಾಗದ ನೋವು ಬರುತ್ತೆ. ಅದಕ್ಕೇ ಹೊರಳಾಡಿದ್ದು. ಹೊರಳಾಡಿದ್ದರಿಂದಲೇ ತಿರುಚಿತು ಅಂತ ಜನ ಹೇಳ್ತಾರಲ್ಲ, ಅದಕ್ಕೆ ಆಧಾರ ಇಲ್ಲ’ ಎಂದರು.

ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಟಾಂಗಾದವರು ತಲೆಯೆತ್ತಿ ಕೇಳಿದರು: ‘ಹನ್ನೊಂದಕ್ಕೇ ಫೋನ್ ಮಾಡಿದ್ರೆ?’

ವೈದ್ಯರು ನನ್ನ ಕಡೆ ನೋಡಿದರು. ನಿಜವನ್ನೇ ಹೇಳಿ ಎಂದೆ. ‘ತಿರುಚಿದ ಕರುಳಿಗೆ ಆಪರೇಷನ್ ಒಂದೇ ದಾರಿ, ಅದೂ ಕೆಲವೇ ಗಂಟೆಯೊಳಗೆ. ನಮ್ಮೂರಲ್ಲಿ ಆ ವ್ಯವಸ್ಥೆ ಇಲ್ಲ. ಹನ್ನೊಂದಕ್ಕೆ ಕರೆದಿದ್ರೂ ಉಳೀತಿತ್ತು ಅಂತ ನಾ ಹೇಳಲ್ಲ. ನೋವಿನ ಇಂಜೆಕ್ಷನ್ ಮಾತ್ರ ಆರೇಳು ಗಂಟೆ ಮುಂಚೆ ಸಿಗ್ತಿತ್ತು.’

ಟಾಂಗಾದವರು ಬಹಳ ಹೊತ್ತು ಅತ್ತರು. ಕೊನೆಗೆ ‘ಅಷ್ಟನ್ನ ನಾ ಹೊರ್ತೀನಿ’ ಎಂದರು.

ನೋವಿನ ಇಂಜೆಕ್ಷನ್ ಕುರಿತ ಆ ಕೊನೆಯ ವಾಕ್ಯವನ್ನು ವೈದ್ಯರಿಂದ ಹೇಳಿಸಬಾರದಿತ್ತು, ಅದು ಕ್ರೂರ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ತಡವಾಗಿ ಕರೆದದ್ದು ಅವರಿಗೆ ಗೊತ್ತೇ ಇತ್ತು. ಗೊತ್ತಿರುವುದನ್ನು ನಾವು ಅಲ್ಲಗಳೆದರೆ ನಮ್ಮ ಉಳಿದ ಮಾತನ್ನೂ ಅವರು ನಂಬುವುದಿಲ್ಲ. ಸಾವಿನಷ್ಟು ದೊಡ್ಡದಾಗಿ ಬೆಳೆದಿದ್ದ ತಪ್ಪು ಆ ಭೇಟಿಯಲ್ಲಿ ಆರು ಗಂಟೆಯ ನೋವಿನಷ್ಟಕ್ಕೆ ಇಳಿಯಿತು. ಇಷ್ಟು ಹೊರೆಯನ್ನು ಮನುಷ್ಯ ಹೊರಬಲ್ಲ, ಅದಕ್ಕೆ ಏನಾದರೂ ಮಾಡಲೂ ಬಲ್ಲ. ದಯಾಮರಣದ ಇಂಜೆಕ್ಷನ್ನಿಗೆ ‘ಹೂಂ’ ಎಂದು ಆಮೇಲೆ ಕೊರಗುವವರಿಗೂ ನಾನು ಇದನ್ನೇ ಮಾಡಿಸುತ್ತೇನೆ: ಒಪ್ಪಿಗೆ ಕೊಟ್ಟ ಗಳಿಗೆಯಲ್ಲಿ ನಾಡಿ ಎಷ್ಟಿತ್ತು, ಒಸಡು ಹೇಗಿತ್ತು ಎಂದು ಚೀಟಿಯಿಂದ ಓದಿಸುತ್ತೇನೆ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಮಗಳ ವಿಷಯ. ‘ರಾಣಿ ಆಸ್ಪತ್ರೇಲಿದೆ’ ಎಂದು ಹೇಳಿದ್ದರು, ಮಗು ಕಾಯುತ್ತಿತ್ತು. ‘ಸತ್ತುಹೋಯಿತು, ಇನ್ನು ಬರುವುದಿಲ್ಲ, ನೀನು ಏನೋ ತಿನ್ನಿಸಿದ್ದರಿಂದ ಆದದ್ದಲ್ಲ’ ಎಂದು ಮೂರನ್ನೂ ಬಿಡಿಸಿ ಹೇಳಿ ಎಂದೆ. ಮೂರನೆಯದನ್ನು ಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ. ಇವಳು ಹಿಂದಿನ ದಿನ ಬೆಲ್ಲ ಕೊಟ್ಟಿದ್ದಳು.

ನಾಲ್ಕು ಗಂಟೆಯ ಎಚ್ಚರವನ್ನು ನಿಲ್ಲಿಸಲು ಹೋಗಲಿಲ್ಲ. ವರ್ಷಗಟ್ಟಲೆ ಆ ಹೊತ್ತಿಗೆ ಎದ್ದ ಮೈ ಅದು. ಲಾಯದಲ್ಲಿ ಕಾಲು ಗಂಟೆ ಕೂರಿ, ಅಳು ಬಂದರೆ ಅಳಿ, ಆಮೇಲೆ ಬಾಗಿಲು ಹಾಕಿ ಹೆಂಡತಿಯ ಜೊತೆ ಟೀ ಕುಡಿಯಿರಿ ಎಂದೆ. ಲಗಾಮು, ಲಾಳ ಯಾವುದನ್ನೂ ಸದ್ಯಕ್ಕೆ ಮಾರಬೇಡಿ ಎಂದೂ ಹೇಳಿದೆ. ಹೊಸ ಕುದುರೆ ವಿಷಯದಲ್ಲಿ ‘ಆರು ತಿಂಗಳು ತಡೆಯಿರಿ’ ಎನ್ನುವುದು ಸಂಬಳದವರಿಗೆ ಸರಿ. ಇವರ ಒಲೆ ಉರಿಯಬೇಕು. ಭಾವಮೈದುನನ ಗಾಡಿಯನ್ನು ದಿನ ಬಿಟ್ಟು ದಿನ ಓಡಿಸುವುದು, ತಿಂಗಳಾದ ಮೇಲೆ ಕುದುರೆಯ ಮಾತು, ತಂದರೆ ಬೇರೆ ಹೆಸರು ಎಂದು ಒಪ್ಪಿಕೊಂಡರು.

ಆ ಆರು ಗಂಟೆಯ ನೋವಿಗೆ ಬದಲಾಗಿ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ವೈದ್ಯರಿಂದ ಬರೆಸಿ ಟಾಂಗಾ ಸ್ಟ್ಯಾಂಡಿನಲ್ಲಿ ಒಂದು ಹಲಗೆ ಹಾಕಿಸಿದರು. ಕುದುರೆ ಮೇವು ಬಿಟ್ಟು ನೆಲ ಕೆರೆದರೆ, ಪಕ್ಕೆ ನೋಡಿಕೊಂಡರೆ, ಲದ್ದಿ ನಿಂತರೆ ಮೇವು ತೆಗೆದುಬಿಡಿ, ಆಗಲೇ ಫೋನ್ ಮಾಡಿ, ಶಾಂತವಾಯಿತೆಂದು ಮಲಗಬೇಡಿ. ಕೆಳದವಡೆಯ ಮೂಳೆಯ ಒಳಅಂಚಿನಲ್ಲಿ ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ; 60 ದಾಟಿದರೆ ಅಪಾಯ. ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರಿನ ಕೊಳವೆ) ಬಾಯಿಗೆ ಎಣ್ಣೆ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದರೆ ಅದೇ ಸಾವು ತರುತ್ತದೆ. ಮೇವು ಬದಲಿಸುವುದಾದರೆ ವಾರ, ಹತ್ತು ದಿನ ಹಳೆಯದರ ಜೊತೆ ಬೆರೆಸುತ್ತ ಬದಲಿಸಿ.

ಇಂಥ ದುಃಖದಲ್ಲಿರುವವರು ಮನೆಯಲ್ಲಿದ್ದರೆ ಕುದುರೆ, ನಾಯಿ ಎಂದು ಅಳೆಯದೆ ಗಮನಿಸಿ. ವಾರಗಳು ಕಳೆದರೂ ಊಟ, ನಿದ್ದೆ ಮರಳದಿದ್ದರೆ, ಕುಡಿತ ಹೆಚ್ಚಿದರೆ, ‘ನಾನೂ ಹೋಗಬೇಕಿತ್ತು’ ಎಂಬ ಮಾತು ಒಮ್ಮೆ ಬಂದರೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.