ಫ್ಯಾನ್ ಕೆಪಾಸಿಟರ್‌ನಲ್ಲಿ ಕ್ರಾಸ್‌ಓವರ್ ಆಗುತ್ತಾ?

ಪ್ರಶ್ನೆ: ಆರೂವರೆ ಇಂಚಿನ ಒಂದು ಜೊತೆ ವೂಫರ್, ಒಂದು ಇಂಚಿನ ಡೋಮ್ ಟ್ವೀಟರ್ ತಂದಿಟ್ಟಿದ್ದೇನೆ. ಎಲ್ಲ 8 ಓಮ್. ಪೆಟ್ಟಿಗೆಯೂ ರೆಡಿ. ದಪ್ಪ ಧ್ವನಿಯನ್ನು ವೂಫರ್‌ಗೂ ತೆಳು ಧ್ವನಿಯನ್ನು ಟ್ವೀಟರ್‌ಗೂ ಹಂಚುವ ಕ್ರಾಸ್‌ಓವರ್‌ಗೆ ಆಡಿಯೋ ಕೆಪಾಸಿಟರ್, ಕಾಯಿಲ್ ಬೆಲೆ ನೋಡಿದರೆ ಸ್ಪೀಕರ್‌ಗಿಂತ ಅದೇ ಜಾಸ್ತಿ! ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬೋರ್ಡ್ ಹಾಕಿಬಿಡಲಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಆ ಬೋರ್ಡ್ ಬೇಡ. ನಾನೂ ಒಮ್ಮೆ ತಂದಿದ್ದೆ. ಮೇಲೆ 200 ವ್ಯಾಟ್ ಅಂತ ಬರೆದಿತ್ತು, ಕಾಯಿಲ್ ನೋಡಿದರೆ ಹೆಬ್ಬೆರಳಷ್ಟಿತ್ತು.

ನಿಮಗೆ ಬೇಕಾದ್ದೆಲ್ಲ ನಿಮ್ಮೂರಲ್ಲೇ ಇದೆ, ಆದರೆ ಆಡಿಯೋ ಅಂಗಡಿಯಲ್ಲಲ್ಲ. ಸೀಲಿಂಗ್ ಫ್ಯಾನಿಗೆ ಹಾಕುವ ಕೆಪಾಸಿಟರ್ ಇದೆಯಲ್ಲ, ಅದರೊಳಗಿರುವುದು ಪಾಲಿಪ್ರೊಪಿಲಿನ್ ಫಿಲ್ಮ್. ದುಬಾರಿ ಆಡಿಯೋ ಕೆಪಾಸಿಟರ್‌ನಲ್ಲೂ ಸಾಮಾನ್ಯವಾಗಿ ಅದೇ ಫಿಲ್ಮ್. 440 ವೋಲ್ಟ್ ಎಸಿ ತಡೆಯುತ್ತೆ, ನಿಮ್ಮ ಆಂಪ್ಲಿಫೈಯರ್ ಅದಕ್ಕೆ ಯಾವ ಲೆಕ್ಕ? 2.5, 3.15, 4 ಮೈಕ್ರೋಫ್ಯಾರಡ್, ಇವು ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತವೆ.

ಈಗ ಲೆಕ್ಕವನ್ನು ತಿರುವುಮುರುವು ಮಾಡಿ. ಧ್ವನಿ ಎಲ್ಲಿ ಹಂಚಿಕೆಯಾಗಬೇಕು ಅನ್ನುವ ಫ್ರೀಕ್ವೆನ್ಸಿ ಗೊತ್ತು ಮಾಡಿಕೊಂಡು ಅದಕ್ಕೆ ಬಿಡಿಭಾಗ ಹುಡುಕುತ್ತಾ ಅಲೆಯುವ ಬದಲು, ಸುಲಭವಾಗಿ ಸಿಗುವ 3.15 ಹಿಡಿದುಕೊಂಡು ಅದು ಎಲ್ಲಿಗೆ ಹೊಂದುತ್ತೆ ಅಂತ ನೋಡಿ. 8 ಓಮ್‌ಗೆ, ಎರಡನೇ ಆರ್ಡರ್ ಲಿಂಕ್ವಿಟ್ಜ್-ರೈಲಿ ಸರ್ಕ್ಯೂಟಿನಲ್ಲಿ (ಪ್ರತಿ ಸ್ಪೀಕರ್‌ಗೂ ಒಂದು ಕೆಪಾಸಿಟರ್, ಒಂದು ಕಾಯಿಲ್ ಇರುವಂಥದ್ದು), ಅದು ಸುಮಾರು 3,150 ಹರ್ಟ್ಜ್‌ಗೆ ಬರುತ್ತೆ. ಕಾಯಿಲ್ 0.8 ಮಿಲಿಹೆನ್ರಿ. ಚೆಂದ ಏನು ಗೊತ್ತಾ? ವೂಫರ್‌ಗೂ ಟ್ವೀಟರ್‌ಗೂ ಅದೇ ಅಳತೆಯ ಭಾಗಗಳು. ಎರಡೂ ಪೆಟ್ಟಿಗೆಗೆ ಸೇರಿ ನಾಲ್ಕು ಕೆಪಾಸಿಟರ್, ನಾಲ್ಕು ಕಾಯಿಲ್, ಅಷ್ಟೇ. ಟ್ವೀಟರ್‌ನ ಪ್ಲಸ್-ಮೈನಸ್ ಮಾತ್ರ ಉಲ್ಟಾ ಹಾಕಬೇಕು, ಮರೆತರೆ 3,150ರ ಹತ್ತಿರ ಧ್ವನಿಯಲ್ಲಿ ಹಳ್ಳ ಬೀಳುತ್ತೆ. ಟ್ವೀಟರ್‌ನ ರೆಸೊನೆನ್ಸ್ (ಅದು ತಾನಾಗಿಯೇ ಹೆಚ್ಚು ಕಂಪಿಸುವ ಫ್ರೀಕ್ವೆನ್ಸಿ) 1,500 ಹರ್ಟ್ಜ್‌ಗಿಂತ ಕೆಳಗಿದೆಯಾ ಅಂತಲೂ ನೋಡಿಕೊಳ್ಳಿ.

ಕಾಯಿಲ್‌ಗೆ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ. ಎನಾಮಲ್ ತಾಮ್ರದ ವೈರ್, 19 ಗೇಜ್, ತೂಕದ ಲೆಕ್ಕದಲ್ಲಿ ಕೊಡ್ತಾರೆ, ನಾಲ್ಕೂ ಕಾಯಿಲ್‌ಗೆ ಸೇರಿ 700 ಗ್ರಾಂ ಸಾಕು. ಬೋರ್‌ವೆಲ್ ಸಬ್‌ಮರ್ಸಿಬಲ್‌ಗೆ ಸುತ್ತುವ ಪ್ಲಾಸ್ಟಿಕ್ ಹೊದಿಕೆಯ ವೈರ್ ಕೊಟ್ಟರೆ ವಾಪಸ್ ಕೊಡಿ. ತುದಿಯನ್ನು ಬ್ಲೇಡಿನಲ್ಲಿ ಕೆರೆದೂ ನೋಡಿ, ಬೆಳ್ಳಗಿದ್ದರೆ ಅಲ್ಯುಮಿನಿಯಂ. ಮನೆ ವೈರಿಂಗಿನ 25 ಎಂಎಂ ಪಿವಿಸಿ ಪೈಪಿನ ತುಂಡಿಗೆ ಎರಡೂ ಕಡೆ ರಟ್ಟು ಅಂಟಿಸಿ, ನಡುವೆ 25 ಎಂಎಂ ಜಾಗ ಬಿಟ್ಟು, ಬಿಗಿಯಾಗಿ 200 ಸುತ್ತು ಸುತ್ತಿ. ಕಾಯಿಲ್, ಕೆಪಾಸಿಟರ್ ಅಳೆಯುವ ಎಲ್‌ಸಿಆರ್ ಮೀಟರ್ ಇಟ್ಟು 0.8 ಬರುವವರೆಗೆ ಬಿಚ್ಚುತ್ತಾ ಬನ್ನಿ. ಮೀಟರ್ ಇಲ್ಲದಿದ್ದರೆ 190ಕ್ಕೆ ನಿಲ್ಲಿಸಿ, ಹೆಚ್ಚುಕಮ್ಮಿ ಸರಿಯಿರುತ್ತೆ. ಕಬ್ಬಿಣದ ಬೋಲ್ಟ್ ಮಾತ್ರ ಒಳಗೆ ತೂರಿಸಬೇಡಿ, ಕೇಬಲ್ ಟೈ ಕಟ್ಟಿ. ಎರಡು ಕಾಯಿಲ್‌ಗಳನ್ನು ದೂರ ದೂರ, ಒಂದನ್ನು ಮಲಗಿಸಿ ಒಂದನ್ನು ನಿಲ್ಲಿಸಿ ಕೂರಿಸಿ.

ಟ್ವೀಟರ್ ಕಿರುಚಿದರೆ 2.2 ಓಮ್ ಸಿಮೆಂಟ್ ರೆಸಿಸ್ಟರ್ ಸೀರೀಸಿನಲ್ಲಿ, 22 ಓಮ್ ಟ್ವೀಟರ್‌ನ ಎರಡು ಕಾಲಿಗೆ ಅಡ್ಡಲಾಗಿ ಹಾಕಿ. ಸುಮಾರು 3 ಡೆಸಿಬೆಲ್ ಇಳಿಯುತ್ತೆ. ಇವು ಯಾವ ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುತ್ತವೆ, ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿನಲ್ಲೂ ನೋಡಬಹುದು.

ಪ್ರಶ್ನೆ: ಮನೆಯಲ್ಲಿ ಹಳೇ ಫ್ಯಾನಿನಿಂದ ತೆಗೆದ ಕೆಪಾಸಿಟರ್‌ಗಳಿವೆ. ಪಂಪ್‌ಸೆಟ್ಟಿನ ಸ್ಟಾರ್ಟಿಂಗ್ ಕೆಪಾಸಿಟರೂ ಇದೆ. ಅವೇ ನಡೆಯುತ್ತಾ?
— ಇನ್ನೊಬ್ಬ ಓದುಗರು, ಹಾಸನ

ಉತ್ತರ: ಫ್ಯಾನ್ ನಿಧಾನ ಆಯ್ತು ಅಂತಲೇ ಅಲ್ವಾ ಅವನ್ನು ಬದಲಿಸಿದ್ದು? ಅಂದರೆ 2.5 ಅಂತ ಬರೆದಿರುವುದು ಈಗ 1.5 ಕೂಡ ಇರಲಿಕ್ಕಿಲ್ಲ. ಅಳೆದು ನೋಡದೆ ಹಾಕಬೇಡಿ. ಸ್ಟಾರ್ಟಿಂಗ್ ಕೆಪಾಸಿಟರ್ ಎಲೆಕ್ಟ್ರೋಲೈಟಿಕ್, ಮೈಕ್ರೋಫ್ಯಾರಡ್ ಅಳತೆಯೂ ಹತ್ತಾರು ಪಟ್ಟು ದೊಡ್ಡದು. ಅದು ಪಂಪಿಗೇ ಇರಲಿ.