ಸಿಮ್ಯುಲೇಷನ್‌ನಲ್ಲಿ ಗೆದ್ದ ಬಿಎಂಎಸ್ ಅನ್ನು ನೇರವಾಗಿ ಪ್ಯಾಕ್‌ಗೆ ಜೋಡಿಸಬಹುದೇ?

ಬಿಎಂಎಸ್ ಅನ್ನು, ಅಂದರೆ ಬ್ಯಾಟರಿ ಪ್ಯಾಕ್ ಮೇಲೆ ನಿಗಾ ಇಟ್ಟು ಕಾಪಾಡುವ ವ್ಯವಸ್ಥೆಯನ್ನು, ದಯವಿಟ್ಟು ಈಗಲೇ ಜೋಡಿಸಬೇಡಿ. ಸಿಮ್ಯುಲಿಂಕ್ ಎಂಬ ಸಿಮ್ಯುಲೇಷನ್ ತಂತ್ರಾಂಶದಲ್ಲಿ ಎಸ್‌ಒಸಿ, ಅಂದರೆ ಉಳಿದ ಚಾರ್ಜಿನ ಅಂದಾಜು, ಶೇ 1ಕ್ಕಿಂತ ಹೆಚ್ಚು ತಪ್ಪಿಲ್ಲ ಎಂದಿದ್ದೀರಿ. ಆದರೆ ನೀವೇ ಬರೆದಿರುವಂತೆ ಬ್ಯಾಟರಿ ಮಾದರಿಯಲ್ಲೂ ಆ ಅಂದಾಜು ಹಾಕುವ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕವಿಧಾನದಲ್ಲೂ ಇರುವುದು ಒಂದೇ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಸರ್ಕ್ಯೂಟ್, ಅವೇ ಮೌಲ್ಯಗಳು. ಪ್ರಶ್ನೆಪತ್ರಿಕೆ ತಯಾರಿಸಿದವರೇ ಪರೀಕ್ಷೆಗೆ ಕುಳಿತಂತಾಯಿತು. ಆ ಅಂಕವನ್ನು ನಂಬುವಂತಿಲ್ಲ.

ಮೊದಲು ಬ್ಯಾಟರಿ ಮಾದರಿಯನ್ನು ಬೇಕೆಂದೇ ಕೆಡಿಸಿ. ಕರೆಂಟ್ ಸೆನ್ಸರ್‌ಗೆ 0.5 ಆಂಪಿಯರ್ ಆಫ್‌ಸೆಟ್, ಅಂದರೆ ಸ್ಥಿರವಾದ ತಪ್ಪು, ಕೊಡಿ. ಕೂಲಂಬ್ ಎಣಿಕೆಯೊಂದನ್ನೇ, ಅಂದರೆ ಹರಿದ ಕರೆಂಟನ್ನು ಕೂಡುತ್ತಾ ಹೋಗುವ ಲೆಕ್ಕವನ್ನೇ, ನೆಚ್ಚಿಕೊಂಡಿದ್ದರೆ 24 ಗಂಟೆಯಲ್ಲಿ 12 ಆಂಪಿಯರ್-ಗಂಟೆ ಲೆಕ್ಕ ತಪ್ಪುತ್ತದೆ. ಆರಂಭದ ಎಸ್‌ಒಸಿಯನ್ನು ಶೇ 20ರಷ್ಟು ತಪ್ಪಾಗಿ ಕೊಟ್ಟು, ಫಿಲ್ಟರ್ ತಾನಾಗಿ ಸರಿದಾರಿಗೆ ಬರುತ್ತದೆಯೇ ನೋಡಿ. ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, ಅಲ್ಲಿ ಇದು ನಿಜಕ್ಕೂ ಕಷ್ಟ. ಚಾರ್ಜಿನ ನಡುವಿನ ಬಹುಭಾಗದಲ್ಲಿ ಅದರ ವೋಲ್ಟೇಜ್ 3.3 ವೋಲ್ಟ್ ಆಸುಪಾಸಿನಲ್ಲೇ ಇರುತ್ತದೆ; ಅಳತೆಯಲ್ಲಿ ಕೆಲವೇ ಮಿಲಿವೋಲ್ಟ್ ಏರುಪೇರಾದರೂ ಅಂದಾಜು ಎಲ್ಲಿಗೋ ಹೋಗುತ್ತದೆ.

ಆಮೇಲೆ ಅಸಲಿ ಬಿಎಂಎಸ್ ಬೋರ್ಡನ್ನು ಸೆಲ್ ಎಮ್ಯುಲೇಟರ್‌ಗೆ, ಅಂದರೆ ಸೆಲ್‌ಗಳನ್ನು ಅನುಕರಿಸುವ ಉಪಕರಣಕ್ಕೆ, ಜೋಡಿಸಿ. ಬೆಂಕಿಯ ಭಯವಿಲ್ಲದೆ ದೋಷಗಳನ್ನು ಹುಟ್ಟಿಸಲು ಇದೇ ಜಾಗ. ನಾನು ಹೆಚ್ಚು ಸಮಯ ಕೊಡುವುದು ಸೆಲ್ ವೋಲ್ಟೇಜ್ ಅಳೆಯುವ ಸೆನ್ಸ್ ತಂತಿ ಕಡಿಯುವ ಪರೀಕ್ಷೆಗೆ. ಎರಡು ಸೆಲ್‌ಗಳ ನಡುವಿನ ಆ ತಂತಿ ತುಂಡಾದರೂ ಅಳತೆಯ ಗದ್ದಲ ತಗ್ಗಿಸುವ ಫಿಲ್ಟರ್ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್‌ನಿಂದಾಗಿ ಕೆಲಹೊತ್ತು ಹಳೆಯ ವೋಲ್ಟೇಜೇ ಕಾಣಿಸುತ್ತಿರಬಹುದು. ಆ ಎರಡರ ಮೊತ್ತವೂ ಸರಿಯಾಗಿಯೇ ಇರುವುದರಿಂದ ಪ್ಯಾಕ್ ವೋಲ್ಟೇಜ್ ತಾಳೆ ನೋಡಿದರೂ ಸಿಕ್ಕಿಬೀಳುವುದಿಲ್ಲ. ಅಳೆಯುವ ಚಿಪ್ ಆ ತಂತಿಯಲ್ಲಿ ಸಣ್ಣ ಕರೆಂಟ್ ಹರಿಸಿ ನೋಡಿದಾಗಲೇ ದೋಷ ಬಯಲಾಗುವುದು. ಆ ತಪಾಸಣೆ ಎಷ್ಟು ಹೊತ್ತಿಗೊಮ್ಮೆ ನಡೆಯುತ್ತದೆ? ಬ್ಯಾಲೆನ್ಸಿಂಗ್ (ಸೆಲ್‌ಗಳ ಚಾರ್ಜನ್ನು ಸಮಗೊಳಿಸುವುದು) ನಡೆಯುವಾಗ ನಿಂತುಹೋಗುತ್ತದೆಯೇ? ದೋಷ ಹುಟ್ಟಿದ ಕ್ಷಣದಿಂದ ಕಾಂಟ್ಯಾಕ್ಟರ್ (ಪ್ಯಾಕ್‌ನ ಸಂಪರ್ಕ ಕಡಿಯುವ ದೊಡ್ಡ ಸ್ವಿಚ್) ತೆರೆಯುವವರೆಗಿನ ಸಮಯವನ್ನು ಆಸಿಲೋಸ್ಕೋಪ್‌ನಲ್ಲೇ ಅಳೆಯಿರಿ. ಲಾಗ್ ಬರೆದಿಡುವುದು ಆಜ್ಞೆ ಹೊರಟ ಸಮಯವನ್ನು, ಸಂಪರ್ಕ ಕಡಿದ ಸಮಯವನ್ನಲ್ಲ.

ಬೆಸೆದುಕೊಂಡ ಕಾಂಟ್ಯಾಕ್ಟರ್, ಕಡಿದ ಥರ್ಮಿಸ್ಟರ್ (ಉಷ್ಣತೆ ಅಳೆಯುವ ಸೆನ್ಸರ್), ನಿಂತುಹೋದ ಕ್ಯಾನ್ (ಬೋರ್ಡ್‌ಗಳ ನಡುವಿನ ಸಂವಹನ ಜಾಲ) ಸಂದೇಶ, ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜಿಂಗ್ ಕೋರಿಕೆ: ಇವನ್ನೂ ಬಿಡಬೇಡಿ. ಅಷ್ಟು ಚಳಿಯಲ್ಲಿ ಚಾರ್ಜ್ ಮಾಡಿದರೆ ಆನೋಡ್ ಮೇಲೆ ಲಿಥಿಯಂ ಲೋಹ ಕಟ್ಟಿಕೊಳ್ಳುವ ಅಪಾಯವಿದೆ.

ಇಷ್ಟೂ ದಾಟಿದ ಮೇಲೆ ಒಂದು ಸಣ್ಣ ಮಾಡ್ಯೂಲ್ ಜೋಡಿಸಿ, ಇಡೀ ಪ್ಯಾಕ್ ಅಲ್ಲ. ಬಿಎಂಎಸ್‌ನ ಹಂಗಿಲ್ಲದ ಫ್ಯೂಸ್ ಮತ್ತು ತುರ್ತು ಸ್ವಿಚ್ ಜೊತೆಗಿರಲಿ. ಚಾರ್ಜ್‌ಗೆ ಹಾಕಿ ಕೋಣೆ ಬಿಟ್ಟು ಹೋಗಬೇಡಿ.